ಒಂದೇ ಚೀಟಿಯಲ್ಲಿ ಎರಡು ಔಷಧ

ನಮ್ಮ ಶಿರಸಿ ಕಡೆ ಸೊಂಟ ನೋವಿಗೂ ಒಂದು ಹಂಗಾಮು ಇದೆ. ದೀಪಾವಳಿ ಕಳೆದು, ಅಡಿಕೆಯ ಕೊನೆ (ಗೊನೆ) ಕೊಯ್ಲು ಶುರುವಾಗಿ, ಅಂಗಳದ ತುಂಬ ಅಡಿಕೆ ಹರಡಿತೆಂದರೆ ನನ್ನ ಔಷಧ ಅಂಗಡಿಯಲ್ಲಿ ನೋವಿನ ಮಾತ್ರೆ, ಹಚ್ಚುವ ಮುಲಾಮು, ಸೊಂಟಕ್ಕೆ ಬಿಗಿಯುವ ಪಟ್ಟಿ ಮೂರೂ ಕಪಾಟಿನಿಂದ ಇಳಿದು ಮೇಜಿನ ಮೇಲೆ ಬಂದು ಕೂರುತ್ತವೆ. ಕೊನೆ ಹೊರುವವರು, ಚೀಲ ಎತ್ತುವವರು, ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಬಗ್ಗಿ ಕೂತು ಸುಲಿಯುವವರು, ಎಲ್ಲರದೂ ಒಂದೇ ಮಾತು: "ಸೊಂಟ ಹಿಡಿದುಕೊಂಡಿದೆ, ಏನಾದರೂ ಕೊಡಿ." ನಾನು ಕೊಡುತ್ತಿದ್ದೆ. ಆ ನೋವಿನ ಮಾತ್ರೆ ಡೈಕ್ಲೋಫೆನಾಕ್, ಷೆಡ್ಯೂಲ್ ಎಚ್ ಪಟ್ಟಿಯಲ್ಲಿರುವ ಔಷಧ. ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಮಾತ್ರೆಯ ಹಾಳೆಯ ಮೇಲೆಯೇ ಅಚ್ಚಾಗಿರುತ್ತದೆ. ಆ ಅಕ್ಷರಗಳು ಕಣ್ಣಿಗೆ ಬೀಳದಂತೆ ಕತ್ತರಿಸಿ ಕೊಡುವುದು ಇಪ್ಪತ್ತೆರಡು ವರ್ಷಗಳಲ್ಲಿ ನನಗೆ ಅಭ್ಯಾಸವಾಗಿಬಿಟ್ಟಿತ್ತು.

ನಾನು ಹೇಳಹೊರಟ ಪ್ರಕರಣದ ರೋಗಿ ನನ್ನ ಅಕ್ಕನ ಗಂಡ. ಮಾತ್ರೆ ಕೊಟ್ಟವನು ನಾನು. "ಹೆಸರು ಬೇಡ, ಉಳಿದದ್ದೆಲ್ಲ ಬರೆ, ನಿನ್ನದನ್ನೂ ಸೇರಿಸಿ ಬರೆ" ಎಂದು ಭಾವ ಹೇಳಿದ ಮೇಲೆ ಬರೆಯುತ್ತಿದ್ದೇನೆ.

ಅವರಿಗೆ ಸೊಂಟ ನೋವು ಬಂದದ್ದು ಎರಡು ಸಲ. ಮೊದಲನೆಯದು 2021ರ ಮೇ ತಿಂಗಳಲ್ಲಿ. ಭಾವನಿಗೆ ಆಗ 44 ವರ್ಷ. ಎರಡೂವರೆ ಎಕರೆ ತೋಟ, ಕೊಟ್ಟಿಗೆಯಲ್ಲಿ ಎರಡು ಹಸು, ಬಾಯಲ್ಲಿ ಸದಾ ಎಲೆಅಡಿಕೆಯ ಕವಳ. ಇದಲ್ಲದೆ ಬೇರೆ ಚಟವಾಗಲಿ ಕಾಯಿಲೆಯಾಗಲಿ ಇಲ್ಲದ ಆಳು. ಮಳೆಗಾಲ ಹಿಡಿಯುವ ಮುಂಚೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿಬಿಡೋಣವೆಂದು ಅಟ್ಟದಿಂದ ಚೀಲ ಇಳಿಸಿ ಪಿಕಪ್ ಗಾಡಿಗೆ ಹಾಕುತ್ತಿದ್ದರು. ನಾಲ್ಕನೆಯ ಚೀಲ ಎತ್ತಿ ಮೈ ತಿರುಗಿಸಿದಾಗ ಸೊಂಟದಲ್ಲಿ ಛಳಕ್ ಎಂದಿತು. ಚೀಲ ಅಲ್ಲೇ ಬಿತ್ತು, ಅವರು ಅದರ ಮೇಲೆ ಬಿದ್ದರು. ನೆಟ್ಟಗೆ ನಿಲ್ಲಲು ಆಗಲಿಲ್ಲ. ನೋವು ಸೊಂಟದಲ್ಲಿತ್ತು, ಹೆಚ್ಚೆಂದರೆ ಕುಂಡೆಯ ತನಕ. ಕಾಲಿಗೆ ಇಳಿದಿರಲಿಲ್ಲ. ಬಗ್ಗಿಕೊಂಡೇ ಬಚ್ಚಲಿಗೆ ಹೋಗಿ ಬರುತ್ತಿದ್ದರು.

ಆಗ ಮನೆಯಲ್ಲಿ ನಡೆದ ಗಲಾಟೆಯನ್ನು ನೆನೆದರೆ ಈಗ ನಗು ಬರುತ್ತದೆ. ಅಕ್ಕ ಲಕ್ಕಿ ಸೊಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟಳು. ಹಂಡೆಯ ಬಿಸಿನೀರು ಎರಡು ಹೊತ್ತು ಸೊಂಟಕ್ಕೆ ಸುರಿದಳು. ಉಳುಕು ತೆಗೆಯುವವರು ಬಂದು ನೀವಿದರು. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂದು ಪಕ್ಕದ ಮನೆಯ ಒಂಬತ್ತನೆಯ ತರಗತಿಯ ಹುಡುಗಿಯನ್ನು ಕರೆತಂದರು. ಆ ಮಗು ನಾಚಿಕೆಯಿಂದ ಕುಗ್ಗಿ, ಮೂರು ಸಲ ಪಾದ ತಾಗಿಸಿ ಓಡಿಹೋಯಿತು. ಎಕ್ಸ್‌ರೇ ಆಯಿತು. ನೆಂಟರೊಬ್ಬರು "ಎಂಆರ್‌ಐ ಮಾಡಿಸದೆ ಬಿಟ್ಟರೆ ಕಾಲು ಹೋಗುತ್ತದೆ" ಎಂದು ಹೆದರಿಸಿದರು. ಹುಬ್ಬಳ್ಳಿಗೆ ಹೋಗಿ ಅದನ್ನೂ ಮಾಡಿಸಿದೆವು. ಸೊಂಟದ ಕೆಳಭಾಗದ ಎಲ್4–ಎಲ್5 ಮತ್ತು ಎಲ್5–ಎಸ್1 ಎಂಬ ಎರಡು ಕಡೆ ಡಿಸ್ಕ್, ಅಂದರೆ ಬೆನ್ನೆಲುಬುಗಳ ನಡುವಿನ ಮೆತ್ತೆ, ಸವೆದಿದೆ, ಉಬ್ಬಿದೆ ಎಂದು ವರದಿ ಬಂತು. ಮನೆಯ ತೊಲೆಗೆ ಗೆದ್ದಲು ಹಿಡಿದಿದೆ ಎಂದು ಬಡಗಿ ಹೇಳಿದರೆ ಹೇಗಾಗುತ್ತದೋ ಹಾಗಾಯಿತು. ಭಾವ ಹದಿನೆಂಟು ದಿನ ಹಲಗೆಯ ಮೇಲೆ ಅಂಗಾತ ಮಲಗಿದರು.

ಆ ವರದಿಯನ್ನು ಆ ದಿನ ಯಾರಾದರೂ ನಮಗೆ ಬಿಡಿಸಿ ಹೇಳಿದ್ದರೆ ಒಳ್ಳೆಯದಿತ್ತು. ಸೊಂಟ ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ನೋಡಿದ 33 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಒಟ್ಟು 3,110 ಜನ. ಇಪ್ಪತ್ತು ವರ್ಷದವರಲ್ಲೇ ನೂರಕ್ಕೆ 37 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ನಲವತ್ತರ ಹೊತ್ತಿಗೆ ಅದು 68. ನಲವತ್ತರ ಜನರಲ್ಲಿ ಅರ್ಧದಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು. ಇವರೆಲ್ಲ ನೋವಿಲ್ಲದೆ ಓಡಾಡಿಕೊಂಡಿದ್ದವರು. ನಮ್ಮ ಕಡೆಯ ಹೆಂಚಿಗೆ ನಾಲ್ಕು ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಮನೆ ಸೋರಿದಾಗ ಮಾತ್ರ ಏಣಿ ಹಾಕಿ ನೋಡಿ, "ಅಯ್ಯೋ ಪಾಚಿ" ಎಂದು ಅದರ ಮೇಲೆ ತಪ್ಪು ಹೊರಿಸಿದಂತೆ. ನಲವತ್ತನಾಲ್ಕರ ತೋಟಿಗನ ವರದಿ ತೊಳೆದಿಟ್ಟಂತೆ ಬಂದಿದ್ದರೆ ಆಶ್ಚರ್ಯಪಡಬೇಕಿತ್ತು.

ಮಲಗಿದ್ದಂತೂ ಶುದ್ಧ ನಷ್ಟ. ಎರಡು ದಿನ ಮಲಗಿ ಎಂದವರನ್ನೂ ಏಳು ದಿನ ಮಲಗಿ ಎಂದವರನ್ನೂ ಹೋಲಿಸಿದ ಅಮೆರಿಕದ ಅಧ್ಯಯನವೊಂದು 1986ರಲ್ಲೇ ಬಂದಿದೆ. ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದರು, ಹೆಚ್ಚು ಮಲಗಿದವರಿಗೆ ಬೇರೆ ಯಾವ ಲಾಭವೂ ಆಗಲಿಲ್ಲ. 1995ರಲ್ಲಿ ಹೆಲ್ಸಿಂಕಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ನೋಡಿದರು: ನೋವು ತಡೆದುಕೊಳ್ಳುವಷ್ಟರ ಮಟ್ಟಿಗೆ ದಿನದ ಓಡಾಟ ಮುಂದುವರಿಸಿದವರೇ ಎಲ್ಲರಿಗಿಂತ ಬೇಗ ಸುಧಾರಿಸಿದರು. ಹದಿನೆಂಟು ದಿನಗಳ ನಂತರ ಭಾವ ಎದ್ದಾಗ ಅವರ ಮೀನಖಂಡ ನನ್ನ ಮುಂಗೈಯಷ್ಟಾಗಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಆರನೆಯ ವಾರ ನೋವು ಹೋಯಿತು. ಲಕ್ಕಿ ಸೊಪ್ಪಿನಿಂದ ಎಂದಳು ಅಕ್ಕ. ಒದೆಯಿಂದ ಎಂದರು ಪಕ್ಕದ ಮನೆಯವರು. ನಾನು ಮನಸ್ಸಿನಲ್ಲೇ ಮಾತ್ರೆಯಿಂದ ಅಂದುಕೊಂಡೆ. ಚೀಲ ಎತ್ತಿ, ಬಗ್ಗಿ, ಕೂತು ಬರುವ ಇಂಥ ನೋವು ಬಹುಪಾಲು ಜನರಲ್ಲಿ ನಾಲ್ಕರಿಂದ ಆರು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ನಾವು ಮಾಡಿದ್ದು ಕಪ್ಪೆ ಮದುವೆ. ಮಳೆ ಬರುವುದಿತ್ತು, ಬಂತು. ಹಾಗೆಂದು ಎಲ್ಲವೂ ವ್ಯರ್ಥವೆನ್ನಲಾರೆ. ಶಾಖ ಹಿತ ಕೊಡುತ್ತದೆ. ಗಟ್ಟಿಯಾದ ಸ್ನಾಯು ಸಡಿಲವಾದರೆ ನಡೆಯಲು ಧೈರ್ಯ ಬರುತ್ತದೆ, ಆ ನಡಿಗೆಯೇ ಔಷಧ. ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಂಡರೆ ರಾತ್ರಿ ಕಳೆಯುತ್ತದೆ. ಮಾತ್ರೆಯೂ ಕೆಲವು ದಿನಗಳ ಮಟ್ಟಿಗೆ ಕೆಲಸ ಮಾಡುತ್ತದೆ, ಆದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ, ಹೃದಯದ ಕಾಯಿಲೆ ಇದ್ದವರಿಗೆ ಅದೇ ಮಾತ್ರೆ ವೈರಿ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆಯನ್ನೇ ಸೊಂಟಕ್ಕೂ ನುಂಗುವವರು ಬಹಳ. ಹೊಸದಾಗಿ ಬಂದ ಸೊಂಟ ನೋವಿನಲ್ಲಿ ಅದು ಬರೀ ಹುಸಿಮಾತ್ರೆಗಿಂತ ಬೇಗ ಗುಣಪಡಿಸಲಿಲ್ಲ ಎಂದು ಆಸ್ಟ್ರೇಲಿಯಾದಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದು 2014ರಲ್ಲಿ ತೋರಿಸಿತು. ಅದನ್ನು ಮಾರುವವನಾಗಿ ಇದನ್ನು ಹೇಳುವುದು ನನಗೇನೂ ಸುಲಭವಲ್ಲ.

ಹೀಗೆ ಮೊದಲ ಸಲ ಹೆದರಿಕೆಯೆಲ್ಲ ಖರ್ಚಾಯಿತು. ಭಾವ ಅದರಿಂದ ಕಲಿತ ಪಾಠ, "ಇದು ಬರುತ್ತದೆ, ಹೋಗುತ್ತದೆ, ಯಾರಿಗೂ ಹೇಳಬೇಕಾಗಿಲ್ಲ." ಮೊದಲ ಎರಡು ಮಾತು ನಿಜ.

ಎರಡನೆಯ ಸಲ ಬಂದದ್ದು 2023ರ ಡಿಸೆಂಬರ್‌ನಲ್ಲಿ, ಸುಲಿಯುವ ಕೆಲಸ ಜೋರಾಗಿದ್ದಾಗ. ಆಳು ಸಿಗದ ವರ್ಷ. ಗಂಡ ಹೆಂಡತಿ ಇಬ್ಬರೇ ಕೂತು ದಿನಕ್ಕೆ ಎಂಟು, ಹತ್ತು ತಾಸು ಸುಲಿಯುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಕೂರುವ ಭಂಗಿಯನ್ನು ನೋಡಿದವರಿಗೆ ಗೊತ್ತು: ತಗ್ಗಿನ ಮಣೆ, ಮೊಣಕಾಲು ಮೇಲೆ, ಬೆನ್ನು ಬಿಲ್ಲಾಗಿ ಮುಂದಕ್ಕೆ. ಡಿಸ್ಕ್ ಮೇಲೆ ಅತಿ ಹೆಚ್ಚು ಒತ್ತಡ ಬೀಳುವುದು ಹೀಗೆ ಮುಂದಕ್ಕೆ ಬಾಗಿ ಕೂತಾಗ ಅಥವಾ ಬಾಗಿ ಭಾರ ಎತ್ತಿದಾಗ. ಈ ಸಲ ನೋವು ಸೊಂಟದಲ್ಲಿ ನಿಲ್ಲಲಿಲ್ಲ. ಎಡ ಕುಂಡೆಯಿಂದ ಇಳಿದು, ತೊಡೆಯ ಹಿಂದೆ ಹಾದು, ಮೀನಖಂಡದ ಹೊರಬದಿಯಲ್ಲಿ ಸಾಗಿ ಹೆಬ್ಬೆರಳಿನ ತನಕ ಹೋಯಿತು. ಸೀನಿದರೆ ಕಾಲಿಗೆ ವಿದ್ಯುತ್ ಹೊಡೆದಂತೆ. ಹಳಬರು ಗೃಧ್ರಸಿ ಎನ್ನುತ್ತಿದ್ದುದು, ಈಗಿನವರು ಸಯಾಟಿಕಾ ಎನ್ನುವುದು ಇದನ್ನೇ.

ಹತ್ತು ಮಾತ್ರೆ ಕಳಿಸು ಎಂದರು, ಕಳಿಸಿದೆ. ಐದು ದಿನ ಬಿಟ್ಟು ಇನ್ನೂ ಹತ್ತು. "ಊಟ ಮಾಡಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಗ್ಯಾಸ್ಟ್ರಿಕ್ ಆಗುತ್ತದೆ" ಎಂದೆ. ನಾನು ಕೊಟ್ಟ ವೈದ್ಯಕೀಯ ಸಲಹೆ ಅಷ್ಟೇ.

ಕಾಲಿಗೆ ನೋವು ಇಳಿದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಡಿಸ್ಕ್ ಜಾರಿ ನರವನ್ನು ಒತ್ತಿದವರಲ್ಲೂ ಹೆಚ್ಚಿನವರು ಆರರಿಂದ ಹನ್ನೆರಡು ವಾರಗಳಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆ ಸುಧಾರಿಸುತ್ತಾರೆ. ಹೊರಬಂದ ತುಣುಕನ್ನು ದೇಹವೇ ಎಷ್ಟೋ ಸಲ ಕರಗಿಸಿಕೊಳ್ಳುತ್ತದೆ. ಆದರೆ ಕಾಲಿಗೆ ಇಳಿದ ಮೇಲೆ ಕೇಳಬೇಕಾದ ಪ್ರಶ್ನೆಗಳು ಹೆಚ್ಚುತ್ತವೆ. ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಬಲ್ಲಿರಾ? ತುದಿಗಾಲಲ್ಲಿ ನಿಲ್ಲಬಲ್ಲಿರಾ? ಚಪ್ಪಲಿ ತಾನಾಗಿ ಕಳಚಿಹೋಗುತ್ತಿದೆಯೇ? ನೋವು ಒಂದೇ ಕಾಲಿಗೋ, ಎರಡಕ್ಕೂ? ಆಮೇಲೆ ಇನ್ನೊಂದು ಪ್ರಶ್ನೆ, ಬಾಯಿಗೆ ಬರದ ಪ್ರಶ್ನೆ.

ಹನ್ನೊಂದನೆಯ ದಿನ, ಗುರುವಾರ ಬೆಳಿಗ್ಗೆ, ಭಾವ ಫೋನ್ ಮಾಡಿ "ನಿನ್ನ ಮಾತ್ರೆ ಹಿಡಿಯಿತು" ಎಂದರು. ಎಡಗಾಲಿನ ಸೆಳೆತ ಒಮ್ಮೆಲೇ ಇಳಿದಿತ್ತು. ಬಲಗಾಲು ಸ್ವಲ್ಪ ಜುಮ್ಮೆನ್ನುತ್ತದೆ, ಅದೇನೂ ದೊಡ್ಡದಲ್ಲ ಎಂದರು. ನನಗೆ ಖುಷಿಯಾಯಿತು. ಈ ಖುಷಿಯೇ ಈ ಪ್ರಕರಣದ ಅತಿ ಕೆಟ್ಟ ಗಳಿಗೆ.

ಆಗ ಒಳಗೆ ಏನಾಗಿತ್ತೆಂದರೆ: ಬೆನ್ನುಹುರಿ ನಾವು ಅಂದುಕೊಂಡಂತೆ ಬಾಲದ ಎಲುಬಿನ ತನಕ ಇಳಿಯುವುದಿಲ್ಲ. ಸೊಂಟದ ಐದು ಕಶೇರುಕಗಳಲ್ಲಿ ಮೊದಲನೆಯ ಇಲ್ಲವೇ ಎರಡನೆಯದರ ಹತ್ತಿರ ಅದು ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಬಿಡಿ ಎಳೆಗಳಾಗಿ, ಅಡಿಕೆಯ ಸಿಂಗಾರ ಬಿಚ್ಚಿ ಇಳಿಬಿದ್ದ ಹಾಗೆ ತೂಗುತ್ತವೆ. ಲ್ಯಾಟಿನ್‌ನಲ್ಲಿ ಇದಕ್ಕೆ ಕುದುರೆ ಬಾಲವೆಂಬ ಅರ್ಥದ ಕಾಡಾ ಇಕ್ವೈನಾ ಎಂಬ ಹೆಸರಿದೆ. ಆ ಗುಚ್ಛದ ನಡುವಿನ ಎಳೆಗಳು ಮೂತ್ರಕೋಶಕ್ಕೆ, ಮಲದ್ವಾರಕ್ಕೆ, ಜನನಾಂಗಕ್ಕೆ, ಸೈಕಲ್ ಸೀಟು ತಾಗುವಷ್ಟು ಜಾಗದ ಚರ್ಮಕ್ಕೆ ಹೋಗುತ್ತವೆ. ಡಿಸ್ಕಿನ ದೊಡ್ಡ ತುಣುಕೊಂದು ನಡುವಿಗೇ ಬಂದು ಬಿದ್ದರೆ ಇವೆಲ್ಲ ಒಟ್ಟಿಗೆ ಅದುಮಿಹೋಗುತ್ತವೆ. ಒಂದು ಹಂತದವರೆಗೆ ಒತ್ತಿದ ನರ ಕೂಗುತ್ತದೆ, ಅದು ನೋವು. ಇನ್ನೂ ಒತ್ತಿದರೆ ಕೂಗುವ ಶಕ್ತಿಯೂ ಹೋಗುತ್ತದೆ. ಭಾವನ ನೋವು ಇಳಿದದ್ದು ಹೀಗೆ.

ಅಂದು ಸಂಜೆ ಏಳರ ಹೊತ್ತಿಗೆ ಸ್ನಾನಕ್ಕೆ ಕೂತರು. ಬೆನ್ನಿಗೆ ಸುರಿದ ನೀರು ಬಿಸಿ ತಾಗಿತು, ಕೂರುವ ಜಾಗಕ್ಕೆ ಹರಿದಾಗ ತಾಗಲಿಲ್ಲ. ದಿನವಿಡೀ ಮಣೆಯ ಮೇಲೆ ಕೂತು ಚರ್ಮ ಜಡ್ಡುಗಟ್ಟಿದೆ ಎಂದುಕೊಂಡರು. ರಾತ್ರಿ ಕೊಟ್ಟಿಗೆಯ ಹಿಂದೆ ಬಹಳ ಹೊತ್ತು ನಿಂತರು. ಮೂತ್ರ ನೂಲಿನಂತೆ ಬಂದು ನಿಂತುಹೋಯಿತು. ಶುಕ್ರವಾರವೂ ಹಾಗೆಯೇ. ನಮ್ಮಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಉಷ್ಣ. ಎಳನೀರು ಕುಡಿದರು, ಕೊತ್ತಂಬರಿ ಕಷಾಯ ಮಾಡಿಸಿಕೊಂಡು ಕುಡಿದರು. ಹೊರಗೆ ಹೋಗಲು ದಾರಿಯಿಲ್ಲದ ಕೆರೆಗೆ ಇನ್ನಷ್ಟು ನೀರು ಬಿಟ್ಟಂತಾಯಿತು. ಅಕ್ಕನಿಗೂ ಹೇಳಲಿಲ್ಲ. ಇಪ್ಪತ್ತೊಂದು ವರ್ಷ ಸಂಸಾರ ಮಾಡಿದವರು, ಆದರೆ "ಕೂರುವಲ್ಲಿ ಮರಗಟ್ಟಿದೆ" ಎಂಬ ಮಾತನ್ನು ಹೆಂಡತಿಗೆ ಹೇಳಲು ಆ ಮನೆಯಲ್ಲಿ ಪದಗಳಿರಲಿಲ್ಲ. ಸೊಂಟ ನೋವನ್ನು ಎಂಟು ಮನೆಗೆ ಕೇಳುವಂತೆ ಹೇಳಿಕೊಳ್ಳಬಹುದು. ಅದಕ್ಕಿಂತ ಒಂದು ಗೇಣು ಕೆಳಗಿನದಾದರೆ ಬಾಯಿ ಕಟ್ಟುತ್ತದೆ.

ಶನಿವಾರ ಮಧ್ಯಾಹ್ನ ಅಳಿಯ ಪೇಟೆಗೆ ಬಂದವನು ಅಂಗಡಿಯ ಹುಡುಗನಿಗೆ ಚೀಟಿ ಕೊಟ್ಟು ಸಾಮಾನು ಒಯ್ದ. ನಾನು ಊಟಕ್ಕೆ ಹೋಗಿದ್ದೆ. ಸಂಜೆ ಏಳೂವರೆಗೆ ಉದ್ದರಿ ಲೆಕ್ಕ ಬರೆಯುವಾಗ ಭಾವನ ಕೈಬರಹದ ಚೀಟಿ ಸಿಕ್ಕಿತು. ಮೇಲಿನ ಸಾಲಿನಲ್ಲಿ ಅದೇ ನೋವಿನ ಮಾತ್ರೆ. ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ, "ಮೂತ್ರ ಸಲೀಸಾಗಲು ಸಿರಪ್." ಹುಡುಗ ಉರಿಮೂತ್ರಕ್ಕೆ ಕೊಡುವ ಸಿರಪ್ ಕೊಟ್ಟು ಕಳಿಸಿದ್ದ. ಬೇರೆ ಬೇರೆ ದಿನ, ಬೇರೆ ಬೇರೆ ಚೀಟಿಯಲ್ಲಿ ಬಂದಿದ್ದರೆ ನನಗೆ ಏನೂ ಹೊಳೆಯುತ್ತಿರಲಿಲ್ಲ. ಎರಡು ಸಾಲು ಒಂದರ ಕೆಳಗೊಂದು ಕೂತಿದ್ದರಿಂದ ಕೈ ನಿಂತಿತು. ಹಿಂದೊಮ್ಮೆ ಫಿಸಿಯೋಥೆರಪಿಸ್ಟ್ ಒಬ್ಬರು ಮಾತಿನ ನಡುವೆ ಹೇಳಿದ್ದರು: ಸೊಂಟ ನೋವಿನವರು ಮೂತ್ರದ ಮಾತು ಎತ್ತಿದರೆ ಅಂಗಡಿಯಿಂದ ಔಷಧ ಕೊಡಬೇಡಿ, ಆಟೋ ಕರೆಸಿ.

ಫೋನ್ ಮಾಡಿದೆ.

"ಭಾವ, ಮೂತ್ರ ಬಂದಿದೆ ಎಂದು ನಿಮಗೆ ತಿಳಿಯುತ್ತದೆಯೇ?"

"ಅದೆಲ್ಲ ಈಗ ಯಾಕೆ? ಉಷ್ಣವಾಗಿದೆ ಅಷ್ಟೇ."

"ಉರಿ ಇದೆಯೇ?"

ಸ್ವಲ್ಪ ಹೊತ್ತು ಮಾತಿಲ್ಲ. "ಉರಿ ಇಲ್ಲ. ಬರುವುದೂ ತಿಳಿಯುವುದಿಲ್ಲ, ನಿಂತದ್ದೂ ತಿಳಿಯುವುದಿಲ್ಲ."

"ತೊಳೆದುಕೊಳ್ಳುವಾಗ ಕೈ ತಾಗಿದ್ದು ಗೊತ್ತಾಗುತ್ತದೆಯೇ?"

ಈ ಸಲ ಇನ್ನೂ ದೀರ್ಘ ಮೌನ. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನಿನಗೆ ಯಾರು ಹೇಳಿದರು?"

ರಾತ್ರಿ ಒಂಬತ್ತೂವರೆಗೆ ಶಿರಸಿಯ ಆಸ್ಪತ್ರೆಯಲ್ಲಿದ್ದೆವು. ಕರ್ತವ್ಯದಲ್ಲಿದ್ದ ವೈದ್ಯೆ ಚಿಕ್ಕ ವಯಸ್ಸಿನವರು. 2021ರ ಎಂಆರ್‌ಐ ಹಾಳೆಯನ್ನು ಅಕ್ಕ ಮುಂದೆ ಹಿಡಿದಾಗ ಅದನ್ನು ಪಕ್ಕಕ್ಕಿಟ್ಟು, ನಮ್ಮಿಬ್ಬರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿದರು. ಒಳಗೆ ಏನು ನಡೆಯಿತೆಂದು ಭಾವ ಆಮೇಲೆ ಹೇಳಿದರು. ಅಂಗಾತ ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿಸಿದರು. ಹೆಬ್ಬೆರಳನ್ನು ಮೇಲಕ್ಕೆ ಒತ್ತಲು ಹೇಳಿ ತಮ್ಮ ಬೆರಳಿನಿಂದ ತಡೆದು ನೋಡಿದರು. ಹಿಮ್ಮಡಿಯ ಸ್ನಾಯುರಜ್ಜುವಿನ ಮೇಲೆ ಸುತ್ತಿಗೆ ತಟ್ಟಿದರು. ಎರಡೂ ಕಡೆ ಪಾದ ಅಲುಗಲಿಲ್ಲ. ಆಮೇಲೆ ಮಗ್ಗುಲಾಗಿಸಿ ಹತ್ತಿಯಿಂದಲೂ ಮೊನೆಯಿಂದಲೂ ಕೂರುವ ಜಾಗದ ಸುತ್ತ ಮುಟ್ಟುತ್ತ ಹೋದರು: "ಇದು ಮೆತ್ತಗೋ, ಚೂಪೋ?" ಭಾವನಿಗೆ ಎರಡೂ ಒಂದೇ. ಕೊನೆಗೆ ಕೈಗವಸು ಹಾಕಿ ಮಲದ್ವಾರದ ಬಿಗಿ ಪರೀಕ್ಷಿಸಿದರು. ಇಷ್ಟಕ್ಕೆ ಹತ್ತು ನಿಮಿಷ. ಈ ಹತ್ತು ನಿಮಿಷದ ಕೆಲಸವನ್ನು ಯಾವ ಸ್ಕ್ಯಾನೂ ಮಾಡುವುದಿಲ್ಲ, ಸ್ಕ್ಯಾನ್ ಯಾರಿಗೆ ಈ ರಾತ್ರಿಯೇ ಬೇಕು ಎಂದು ತೀರ್ಮಾನಿಸುವುದೇ ಈ ಹತ್ತು ನಿಮಿಷ.

ಮೂತ್ರನಾಳಕ್ಕೆ ನಳಿಕೆ ಹಾಕಿದಾಗ ಚೀಲಕ್ಕೆ 1,100 ಮಿಲಿಲೀಟರ್ ಬಂತು. ಸಾಮಾನ್ಯ ಮನುಷ್ಯನಿಗೆ 400, 500 ತುಂಬುವ ಹೊತ್ತಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಭಾವ ಎರಡು ಲೋಟದ ಬದಲು ಒಂದು ತಂಬಿಗೆಯಷ್ಟನ್ನು ಒಳಗಿಟ್ಟುಕೊಂಡು ಏನೂ ಅನಿಸದೆ ಕೂತಿದ್ದರು. "ಹುಬ್ಬಳ್ಳಿಗೆ ಈಗಲೇ ಹೊರಡಿ, ಬೆಳಗಾಗುವುದನ್ನು ಕಾಯಬೇಡಿ" ಎಂದು ವೈದ್ಯೆ ಅಲ್ಲಿಯ ನರಶಸ್ತ್ರ ವಿಭಾಗಕ್ಕೆ ತಾವೇ ಫೋನ್ ಮಾಡಿದರು. ನೂರು ಕಿಲೋಮೀಟರ್ ದಾರಿ. ಜಿಲ್ಲೆಯೊಳಗೇ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಉತ್ತರ ಕನ್ನಡದವರ ಹಳೆಯ ಬೇಡಿಕೆಯ ಅರ್ಥ ಮುಂಡಗೋಡದ ಕಾಡಿನ ನಡುವೆ ರಾತ್ರಿ ಹನ್ನೆರಡಕ್ಕೆ ಆಂಬುಲೆನ್ಸ್‌ನಲ್ಲಿ ಕೂತಾಗ ಚೆನ್ನಾಗಿ ಆಗುತ್ತದೆ.

ಹೊಸ ಎಂಆರ್‌ಐನಲ್ಲಿ ಎಲ್4–ಎಲ್5ರ ಡಿಸ್ಕ್ ಒಡೆದು ದೊಡ್ಡ ತುಣುಕು ನಡುವಿನ ಕಾಲುವೆಯನ್ನು ಬಹುತೇಕ ಮುಚ್ಚಿತ್ತು. ಭಾನುವಾರ ಬೆಳಿಗ್ಗೆ ಏಳಕ್ಕೆ ಶಸ್ತ್ರಚಿಕಿತ್ಸೆ ಶುರುವಾಯಿತು. ಬಚ್ಚಲಲ್ಲಿ ಬಿಸಿ ತಾಗದೆ ಹೋದ ಗಳಿಗೆಯಿಂದ ಎಣಿಸಿದರೆ ಅರವತ್ತು ಗಂಟೆ.

ಇಂಥದ್ದರಲ್ಲಿ 48 ಗಂಟೆಯೊಳಗೆ ಒತ್ತಡ ತೆಗೆದರೆ ಫಲ ಚೆನ್ನಾಗಿರುತ್ತದೆ ಎಂಬ ಲೆಕ್ಕವೊಂದಿದೆ. 47ನೆಯ ಗಂಟೆಗೆ ಎಲ್ಲ ಸರಿ, 49ಕ್ಕೆ ಎಲ್ಲ ಮುಗಿಯಿತು ಎಂದು ಅದರ ಅರ್ಥವಲ್ಲ. ಬೇಗ ಆದಷ್ಟು ಒಳ್ಳೆಯದು, ಮೂತ್ರ ಪೂರ್ತಿ ಕಟ್ಟುವ ಮುಂಚೆ ಆದರೆ ಇನ್ನೂ ಒಳ್ಳೆಯದು. ಆದರೂ ನಾನು ಈ ಲೆಕ್ಕವನ್ನು ಎಷ್ಟೋ ರಾತ್ರಿ ಮಾಡಿದ್ದೇನೆ. ಚೀಟಿ ನನ್ನ ಅಂಗಡಿಗೆ ಬಂದಾಗ ನಲವತ್ತೆರಡು ಗಂಟೆಯೂ ಆಗಿರಲಿಲ್ಲ. ಗುರುವಾರ ಬೆಳಿಗ್ಗೆ "ಮಾತ್ರೆ ಹಿಡಿಯಿತು" ಎಂದಾಗ "ಇನ್ನೊಂದು ಕಾಲು ಯಾಕೆ ಜುಮ್ಮೆನ್ನುತ್ತದೆ?" ಎಂದು ಕೇಳಿದ್ದರೆ ಲೆಕ್ಕ ಶುರುವೇ ಆಗುತ್ತಿರಲಿಲ್ಲವೇನೋ.

ಕಾಲುಗಳು ಉಳಿದವು. ಮೂರನೆಯ ದಿನ ನಡೆದರು. ಮೂತ್ರ ಅಷ್ಟು ಸುಲಭವಾಗಿ ಒಲಿಯಲಿಲ್ಲ. ದಿನಕ್ಕೆ ನಾಲ್ಕು ಸಲ ತಾವೇ ನಳಿಕೆ ಹಾಕಿಕೊಂಡು ಖಾಲಿ ಮಾಡುವುದನ್ನು ದಾದಿಯೊಬ್ಬರು ಕಲಿಸಿದರು. ಐದನೆಯ ತಿಂಗಳಿಗೆ ನಳಿಕೆ ಬಿಟ್ಟಿತು. ಈಗಲೂ ಗಡಿಯಾರ ನೋಡಿಕೊಂಡು ಹೋಗುತ್ತಾರೆ, ಹೊಟ್ಟೆ ಅದುಮಿಕೊಳ್ಳಬೇಕು. ರಾತ್ರಿ ಇಸಬ್‌ಗೋಲ್ ತಪ್ಪಿದರೆ ಮರುದಿನ ಕಷ್ಟ. ಅಂಗೈಯಗಲದ ಜಾಗ ಮರಗಟ್ಟಿದ್ದು ಹಾಗೆಯೇ ಉಳಿದಿದೆ. ಶಸ್ತ್ರವೈದ್ಯರು ಬಿಡುಗಡೆಯ ದಿನ ಗಂಡ ಹೆಂಡತಿ ಇಬ್ಬರನ್ನೇ ಕೂರಿಸಿ, ಬಾಗಿಲು ಹಾಕಿ, ಹತ್ತು ನಿಮಿಷ ಮಾತಾಡಿದರು. ಆ ಮಾತು ಯಾವುದರ ಬಗ್ಗೆ ಎಂದು ನನಗೆ ಊಹೆಯಿದೆ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಾಚಿಕೆಯ ಬಗ್ಗೆ ಇಷ್ಟು ಬರೆದವನ ಸ್ಥಿತಿ ಇದು.

ತೋಟದ ಕೆಲಸ ಬಿಡಬೇಕೆಂದು ಯಾರೂ ಹೇಳಲಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿದ್ದು ಕೆಲಸದ ರೀತಿ ಬದಲಿಸಿ ಎಂದು. ಈಗ ಸುಲಿಯುವ ಯಂತ್ರವನ್ನು ಬಾಡಿಗೆಗೆ ತರಿಸುತ್ತಾರೆ. ಯಂತ್ರ ಬಿಟ್ಟದ್ದನ್ನು ಎತ್ತರದ ಬೆಂಚಿನ ಮೇಲೆ ಕೂತು ಆರಿಸುತ್ತಾರೆ. ಅರ್ಧ ತಾಸಿಗೊಮ್ಮೆ ಮೊಬೈಲ್ ಕೂಗುತ್ತದೆ, ಎದ್ದು ಅಂಗಳಕ್ಕೆ ಒಂದು ಸುತ್ತು. ಚೀಲದಲ್ಲಿ ಅರ್ಧವೇ ತುಂಬಿಸುತ್ತಾರೆ. ಬೆಳಿಗ್ಗೆ ಸೊಪ್ಪಿನ ಬೆಟ್ಟದ ತುದಿಯ ತನಕ ನಡೆದು ಬರುತ್ತಾರೆ. ಸೊಂಟ ನೋವು ಒಮ್ಮೆ ಬಂದು ಹೋದವರಿಗೆ ನಡಿಗೆಯ ಕ್ರಮ ಹಾಕಿಕೊಟ್ಟು ನೋಡಿದ ಆಸ್ಟ್ರೇಲಿಯಾದ ಅಧ್ಯಯನವೊಂದು 2024ರಲ್ಲಿ ಬಂತು. ನಡೆದವರಲ್ಲಿ ನೋವು ಮರುಕಳಿಸಲು ಮಧ್ಯಮ ಲೆಕ್ಕದಲ್ಲಿ 208 ದಿನ ಹಿಡಿಯಿತು, ಉಳಿದವರಲ್ಲಿ 112. ಸೊಂಟದ ಪಟ್ಟಿ ಈಗ ಕೊಟ್ಟಿಗೆಯ ಬಾಗಿಲಿಗೆ ಕಟ್ಟುವ ಹಗ್ಗದ ಕೆಲಸ ಮಾಡುತ್ತಿದೆ.

ಈ ಪ್ರಕರಣ ಅಪರೂಪದ್ದು. ಡಿಸ್ಕ್ ಶಸ್ತ್ರಚಿಕಿತ್ಸೆಗೆ ಹೋಗುವವರಲ್ಲೂ ನೂರಕ್ಕೆ ಕೆಲವರಿಗಷ್ಟೇ ಹೀಗಾಗುತ್ತದೆ. ಇದನ್ನು ಓದಿ ಸೊಂಟ ಹಿಡಿದವರೆಲ್ಲ ಹುಬ್ಬಳ್ಳಿಗೆ ಓಡಿದರೆ ನಾನು ಎರಡನೆಯ ತಪ್ಪು ಮಾಡಿದಂತೆ. ಆದರೆ ಅಂಗಡಿಯಲ್ಲಿ ಈಗ ಮಾತ್ರೆ ಕೇಳಿದವರನ್ನು ಸುಮ್ಮನೆ ಬಿಡುವುದಿಲ್ಲ. ಚೀಟಿ ಕೇಳುತ್ತೇನೆ, ಇಲ್ಲದಿದ್ದರೆ ಶಾಖ ಕೊಡಿ, ನಡೆಯಿರಿ, ವೈದ್ಯರನ್ನು ಕಾಣಿ ಎನ್ನುತ್ತೇನೆ. ಗಿರಾಕಿಗಳು ಎದುರಿನ ಅಂಗಡಿಗೆ ಹೋಗುವುದೂ ಉಂಟು. ಮೂತ್ರ, ಮಲ, ಕೂರುವ ಜಾಗದ ಸ್ಪರ್ಶ, ಎರಡೂ ಕಾಲಿನ ಬಲ: ಇವುಗಳಲ್ಲಿ ಹೊಸದಾಗಿ ಏನು ಕೆಟ್ಟರೂ ಅದೇ ದಿನ, ರಾತ್ರಿಯಾದರೆ ರಾತ್ರಿಯೇ ಆಸ್ಪತ್ರೆ. ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು, ಅದು ನಮ್ಮ ದೇಶದಲ್ಲಿ ಹಳೆಯ ಕಥೆಯಲ್ಲ. ವಾರದೊಳಗೆ ವೈದ್ಯರಿಗೆ ತೋರಿಸಬೇಕು. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಹಳ ದಿನ ಸ್ಟೀರಾಯ್ಡ್ ನುಂಗಿದವರು, ಜಾರಿ ಬಿದ್ದ ಮುದುಕಿಯರು ಮಾತ್ರೆ ನುಂಗಿ ಕಾಯಬಾರದು. ಮೂವತ್ತರ ಆಸುಪಾಸಿನ ಹುಡುಗರಿಗೆ ಬೆಳಿಗ್ಗೆ ಅರ್ಧ ತಾಸಿಗೂ ಹೆಚ್ಚು ಸೊಂಟ ಬಿಗಿದಿದ್ದು, ಓಡಾಡಿದ ಮೇಲೆ ಸಡಿಲವಾಗುತ್ತದೆ ಎಂದರೆ ಅದು ಬೇರೆಯೇ ಉರಿಯೂತದ ಕಾಯಿಲೆ ಇರಬಹುದು, ಅದಕ್ಕೆ ಬೇರೆ ತಜ್ಞರು. ಇದ್ಯಾವುದೂ ಇಲ್ಲದೆ ಆರು ವಾರ ಕಳೆದರೂ ಇಳಿಯದಿದ್ದರೆ ಆಗ ನಿಧಾನವಾಗಿ, ಗಾಬರಿಯಿಲ್ಲದೆ ತೋರಿಸಿದರೆ ಸಾಕು.

ಕೇಳುವುದೇ ಕಷ್ಟ. ಮೇಜಿನ ಎದುರು ನಾಲ್ಕು ಜನ ನಿಂತಿರುವಾಗ "ಮೂತ್ರ ಸರಿಯಾಗಿ ಆಗುತ್ತಿದೆಯೇ?" ಎಂದರೆ ಎಲ್ಲರೂ "ಹೌದು" ಎನ್ನುತ್ತಾರೆ. ಅದಕ್ಕೇ ಹತ್ತಿಯ ಪೆಟ್ಟಿಗೆಗಳ ಹಿಂದೆ ಒಂದು ಸ್ಟೂಲ್ ಹಾಕಿಸಿದ್ದೇನೆ. "ಒಳಗೆ ಬನ್ನಿ, ಬೆನ್ನು ನೋಡೋಣ" ಎಂದು ಕರೆಯುತ್ತೇನೆ, ಬೆನ್ನು ನೋಡುವುದಿಲ್ಲ.

ಭಾವನಿಗೆ ಈ ಸೂಕ್ಷ್ಮವೆಲ್ಲ ಇಲ್ಲ. ಮೂರು ದಿನ ಬಾಯಿ ಕಟ್ಟಿದ್ದ ಮನುಷ್ಯ ಈಗ ಕಂಡಲ್ಲಿ ಕೇಳುತ್ತಾರೆ. ಕಳೆದ ಚೌತಿಯ ಊಟದ ಪಂಕ್ತಿಯಲ್ಲಿ, ಪಕ್ಕದಲ್ಲಿ ಕೂತ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಸೊಂಟ ಹಿಡಿದು ಹೊರಳಾಡುವುದನ್ನು ನೋಡಿ, ಪಾಯಸ ಬಡಿಸುತ್ತಿರುವಾಗಲೇ ಗಟ್ಟಿ ದನಿಯಲ್ಲಿ ಮೂತ್ರದಿಂದ ಹಿಡಿದು ಒಂದೊಂದಾಗಿ ಎಲ್ಲವನ್ನೂ ವಿಚಾರಿಸಿದರಂತೆ. ಅಕ್ಕ ಮೂರು ದಿನ ಅವರೊಂದಿಗೆ ಮಾತು ಬಿಟ್ಟಳು. ಕೊನೆಗೌಡ ಮಾತ್ರ ತಲೆ ತಗ್ಗಿಸಿ ಊಟ ಮುಗಿಸಿ, ಕೈ ತೊಳೆಯುವಲ್ಲಿ ಎಲ್ಲರೂ ಹೋಗುವುದನ್ನು ಕಾದು, ಭಾವನ ಪಕ್ಕಕ್ಕೆ ಬಂದು ನಿಂತನಂತೆ.